ಬಾಮೈದನ ವೈನ್ಸ್‌ಗೆ ದುಡ್ಡು ಹಾಕ್ಬೋದಾ? ಈ ಲೈನಲ್ಲಿರೋರು ಅನುಭವ ಹೇಳಿ

ಪೀಣ್ಯ ವಿಆರ್‌ಎಸ್:
ಪೀಣ್ಯದಲ್ಲಿ 23 ವರ್ಷ ಲೇತ್ ಮುಂದೆ ನಿಂತು, ಈಗ ವಿಆರ್‌ಎಸ್ ತಗೊಂಡಿದೀನಿ. ಕೈಲಿ 28 ಲಕ್ಷ ಇದೆ. ನನ್ನ ಬಾಮೈದ ನಾಗರಭಾವಿ ಕಡೆ ನಡೀತಿರೋ ಒಂದು ವೈನ್ಸನ್ನ ಲೀಸ್‌ಗೆ ತಗೊಳ್ತಾನಂತೆ. ‘ಭಾವ, ನೀವು 25 ಹಾಕಿ, ಲಾಭದಲ್ಲಿ ಅರ್ಧ ನಿಮ್ದು’ ಅಂತಾನೆ. ದಿನಾ ಬೆಳಿಗ್ಗೆ ಒಂದು ಸುದ್ದಿ ಕಳಿಸ್ತಾನೆ: ವಿಸ್ಕಿ ಕುಡಿಯೋದ್ರಲ್ಲಿ ಇಂಡಿಯಾನೇ ಮುಂದೆ, ಮಾರ್ಕೆಟ್ ಬೆಳೀತಾನೇ ಇದೆ, ಮಳೆ ಬರ್ಲಿ ಬರ ಬರ್ಲಿ ಎಣ್ಣೆ ಅಂಗಡಿಗೆ ನಷ್ಟ ಇಲ್ಲ. ನಾನು ಕುಡಿಯೋನಲ್ಲ, ವೈನ್ಸ್ ಮೆಟ್ಟಿಲು ಹತ್ತಿದೋನೂ ಅಲ್ಲ. ನಿಜ ಹೇಳಿ.

ಮಾಗಡಿ ರಸ್ತೆ ಗಲ್ಲಾ:
ಸಾರ್, ಗಲ್ಲಾ ಮೇಲೆ ಕೂತು 16 ವರ್ಷ ಆಯ್ತು, ಲೈಸೆನ್ಸು ನಮ್ಮಪ್ಪಂದು. ನಿಮ್ಮ ಬಾಮೈದ ಹೇಳೋದು ಸುಳ್ಳಲ್ಲ. ಆದ್ರೆ ಅದು ದೇಶದ ಲೆಕ್ಕ, ಅಂಗಡಿ ಲೆಕ್ಕ ಬೇರೆ.

ಮೊದಲು ಇದು ತಿಳ್ಕೊಳಿ: ಇದು ಕಿರಾಣಿ ಅಂಗಡಿ ಥರ ಅಲ್ಲ. ಎಪಿಎಂಸಿಗೆ ಹೋಗಿ ಚೌಕಾಸಿ ಮಾಡಿ ಮಾಲು ತರಕ್ಕಾಗಲ್ಲ. 2003ರಿಂದ ಕರ್ನಾಟಕದಲ್ಲಿ ಹೋಲ್‌ಸೇಲ್ ಅಂದ್ರೆ ಒಬ್ಬರೇ, ಪಾನೀಯ ನಿಗಮ, ನಾವು ಕೆಎಸ್‌ಬಿಸಿಎಲ್ ಅಂತೀವಿ. ಮೊದಲು ದುಡ್ಡು ಕಟ್ಬೇಕು, ಆಮೇಲೆ ಇಂಡೆಂಟು (ಮಾಲಿನ ಆರ್ಡರು), ಆಮೇಲೆ ಡಿಪೋದಿಂದ ಲೋಡು. ಉದ್ರಿ ಅನ್ನೋ ಮಾತೇ ಇಲ್ಲ. ಮಾರೋ ರೇಟು ಬಾಟ್ಲಿ ಮೇಲೇ ಬರೆದಿರುತ್ತೆ, ಅದರಲ್ಲಿ ನಮ್ಮ ಪಾಲು ಎಷ್ಟು ಅಂತಾನೂ ಸರ್ಕಾರನೇ ಕಟ್ಟಿರುತ್ತೆ. ನಮ್ಮ ಬುದ್ಧಿವಂತಿಕೆಗೆ ಉಳಿಯೋದು ಎರಡೇ: ಯಾವ ಮಾಲು ಎಷ್ಟು ತರಿಸೋದು, ಅದನ್ನ ವಾರದಲ್ಲಿ ಎಷ್ಟು ಸಲ ಖಾಲಿ ಮಾಡೋದು.

ಈಗ ಬೆಳೆಯೋ ಮಾರ್ಕೆಟ್ ವಿಷಯ. 2023ರ ಜುಲೈ ಬಜೆಟ್‌ನಲ್ಲಿ 18 ಸ್ಲ್ಯಾಬಿಗೂ (ರೇಟಿನ ಪ್ರಕಾರ ಸುಂಕ ಹಾಕೋ ಹಂತಗಳು) ಹೆಚ್ಚುವರಿ ಅಬಕಾರಿ ಸುಂಕ ಶೇ. 20 ಏರಿಸಿದ್ರು, ಬಿಯರ್‌ದು ಶೇ. 175 ಇದ್ದಿದ್ದು 185 ಆಯ್ತು. ನಮ್ಮಲ್ಲಿ ದಿನಾ ಸಾಯಂಕಾಲ ಏಳಕ್ಕೆ ಬರೋ ಒಬ್ಬ ಮರಗೆಲಸದ ಯಜಮಾನ್ರು ಇದಾರೆ. ಅದೇ ಬ್ರಾಂಡಿನ ಕ್ವಾರ್ಟರು (180 ಎಂಎಲ್), ಯಾವತ್ತೂ ಬಾಯಿ ಬಿಟ್ಟು ಕೇಳಿದೋರಲ್ಲ, ನೋಟು ಇಟ್ರೆ ನಾವೇ ಕೊಡ್ತಿದ್ವಿ. ರೇಟು ಏರಿದ ವಾರ ನೋಟು ಇಟ್ಟು, ‘ಅದು ಬೇಡ ಕಣಪ್ಪ, ಕೆಳಗಿಂದು ಕೊಡು’ ಅಂದ್ರು. ಕೆಲವರು ಕ್ವಾರ್ಟರ್ ಬಿಟ್ಟು ನೈಂಟಿ (90 ಎಂಎಲ್) ಟೆಟ್ರಾ ಪ್ಯಾಕಿಗೆ ಇಳಿದ್ರು. ಕುಡಿಯೋದು ನಿಲ್ಲಿಸ್ಲಿಲ್ಲ, ಮೆಟ್ಟಿಲು ಇಳಿದ್ರು ಅಷ್ಟೇ. ಯಜಮಾನ್ರು ತಗೊಂಡಿದ್ದು ಅಗ್ಗದ್ದಾದ್ರೂ, ದೇಶದ ಲೆಕ್ಕದಲ್ಲಿ ಅದೂ ಒಂದು ಕ್ವಾರ್ಟರೇ. ನಮ್ಮ ಪಾಲು ರೇಟಿನ ಮೇಲೆ ಶೇಕಡಾವಾರು ಸಾರ್, ಅಗ್ಗದ ಮಾಲಿಗೆ ಅಗ್ಗದ ಲಾಭ. ಹೊರೋ ಬಾಕ್ಸು ಅಷ್ಟೇ, ಹುಡುಗರ ಸಂಬಳ ಅಷ್ಟೇ, ಬಾಡಿಗೆ ಮಾತ್ರ ಏರ್ತಾ ಇರುತ್ತೆ.

2024ರ ಆಗಸ್ಟಲ್ಲಿ ಸ್ಲ್ಯಾಬು 16ಕ್ಕೆ ಇಳಿಸಿ ದುಬಾರಿ ಬಾಟ್ಲಿಗಳ ರೇಟು ಕಮ್ಮಿ ಮಾಡಿದ್ರು. ಇಂದಿರಾನಗರದೋರಿಗೆ ಹಬ್ಬ. ನಮ್ಮ ರೋಡಲ್ಲಿ ಅದನ್ನ ಕೇಳೋರು ಯಾರು? ಅಂಗಡಿ ನಿಂತಿರೋ ಬೀದಿ ನೋಡಿ ಸಾರ್, ಇಂಡಿಯಾ ಆಮೇಲೆ ನೋಡೋಣ.

ಊರೂರು ರೆಪ್:
ನಾನು ಒಂದು ಲಿಕ್ಕರ್ ಕಂಪನಿ ಸೇಲ್ಸಲ್ಲಿ ಐದು ರಾಜ್ಯ ಸುತ್ತಿದೀನಿ. ‘ಇಂಡಿಯಾ ಮಾರ್ಕೆಟ್’ ಅಂತ ಒಂದು ಇಲ್ವೇ ಇಲ್ಲ ಗುರೂ. ಮದ್ಯ ಜಿಎಸ್‌ಟಿಗೆ ಬರಲ್ಲ, ರಾಜ್ಯಗಳ ಪಟ್ಟಿಯಲ್ಲಿದೆ. ಒಂದೇ ಬ್ರಾಂಡಿಗೆ ಪ್ರತಿ ರಾಜ್ಯದಲ್ಲೂ ಬೇರೆ ಲೇಬಲ್ ಮಂಜೂರಾತಿ, ಬೇರೆ ರೇಟು. ಹೊಸೂರು ಗಡಿ ದಾಟಿದ್ರೆ ಚಿಲ್ಲರೆ ಅಂಗಡೀನೂ ಸರ್ಕಾರದ್ದೇ, ಟಾಸ್ಮಾಕ್. ಆಂಧ್ರದಲ್ಲಿ 2019ರಲ್ಲಿ ಖಾಸಗಿ ಅಂಗಡಿ ಎತ್ತಿ ಸರ್ಕಾರ ನಡೆಸ್ತು, 2024ರ ಅಕ್ಟೋಬರಲ್ಲಿ ಲಾಟರಿ ಎತ್ತಿ ಮತ್ತೆ ಖಾಸಗಿಗೆ ಕೊಟ್ರು. ತೆಲಂಗಾಣದಲ್ಲಿ 2023ರಲ್ಲಿ ಬರೀ ಅರ್ಜಿಗೇ 2 ಲಕ್ಷ, ಲಾಟರಿ ಹೊಡೀದಿದ್ರೆ ಗೋವಿಂದ. ದೆಹಲೀಲಿ 2021ರ ನವೆಂಬರಲ್ಲಿ ಬಂದ ಹೊಸ ಪಾಲಿಸಿ ಒಂದು ವರ್ಷಾನೂ ಬಾಳ್ಲಿಲ್ಲ. ಬಿಹಾರದಲ್ಲಿ 2016ರ ಏಪ್ರಿಲಿಂದ ಪೂರ್ತಿ ಬಂದ್. ಒಂದು ರಾಜ್ಯದಲ್ಲಿ ಸರ್ಕಾರ ಬದಲಾದ್ರೆ ನಮ್ಮ ಟಾರ್ಗೆಟ್ ಶೀಟೇ ಬದಲಾಗುತ್ತೆ.

ಬೆಳವಣಿಗೆ ಇರೋದು ನಿಜ, ಆದ್ರೆ ಮೇಲಿನ ಕಡೆ. ಮೈಸೂರು ರಸ್ತೆ ಕಂಬೀಪುರದ ಅಮೃತ್ ಡಿಸ್ಟಿಲರಿ 2004ರಲ್ಲಿ ಗ್ಲಾಸ್ಗೋದಲ್ಲಿ ಸಿಂಗಲ್ ಮಾಲ್ಟ್ ವಿಸ್ಕಿ ಬಿಟ್ಟಾಗ ನಮ್ಮೂರಲ್ಲೇ ಎಷ್ಟೋ ಜನ ನಕ್ಕಿದ್ರು. ಈಗ ಅಂಥ ಬಾಟ್ಲಿ ಏರ್‌ಪೋರ್ಟಲ್ಲಿ ಹುಡುಕಿಕೊಂಡು ತಗೊಳ್ತಾರೆ. ಬ್ರಿಟನ್ ಜೊತೆ 2025ರ ಜುಲೈಯಲ್ಲಿ ಸಹಿ ಆದ ಒಪ್ಪಂದದ ಪ್ರಕಾರ ಸ್ಕಾಚ್ ಆಮದು ಸುಂಕ ಶೇ. 150ರಿಂದ 75ಕ್ಕೆ, ಹತ್ತು ವರ್ಷಕ್ಕೆ 40ಕ್ಕೆ ಇಳಿಯುತ್ತೆ. ಅದರ ಮೇಲೆ ರಾಜ್ಯದ ಸುಂಕ ಇದ್ದೇ ಇದೆ, ನಾಳೆನೇ ಅರ್ಧ ರೇಟು ಅಂತ ಕನಸು ಕಾಣ್ಬೇಡಿ.

ಲೀಸಲ್ಲಿ ಬಿದ್ದವ:
ರೇಟು, ಸ್ಲ್ಯಾಬು ಎಲ್ಲಾ ಆಮೇಲೆ. ಅಣ್ಣಾ, ‘ಲೀಸ್’ ಅಂದ್ರಲ್ಲ, ಅಲ್ಲೇ ನಿಲ್ಲಿ. ಸನ್ನದು (ಲೈಸೆನ್ಸು) ಯಾರ ಹೆಸರಲ್ಲಿದೆಯೋ ಅವರೇ ನಡೆಸ್ಬೇಕು, ಒಳಗುತ್ತಿಗೆಗೆ ಕೊಡೋದನ್ನ ನಿಯಮ ಒಪ್ಪಲ್ಲ. ಊರಲ್ಲಿ ನಡೆಯೋದೇ ಬೇರೆ ಅಂತ ಎಲ್ಲರಿಗೂ ಗೊತ್ತು. ನಾನು 18 ಲಕ್ಷ ಅಡ್ವಾನ್ಸ್ ಕೊಟ್ಟು ಎರಡು ವರ್ಷ ಅಂಗಡಿ ನಡೆಸ್ದೆ. ವ್ಯಾಪಾರ ಕುದುರಿತು. ಕುದುರಿದ್ದೇ ತಪ್ಪಾಯ್ತು. ಜೂನ್ 30ಕ್ಕೆ ಅಬಕಾರಿ ವರ್ಷ ಮುಗಿಯುತ್ತೆ, ರಿನ್ಯೂವಲ್‌ಗೆ ಸಹಿ ಹಾಕೋದು ಸನ್ನದು ಇರೋ ಯಜಮಾನನೇ. ‘ಈ ವರ್ಷದಿಂದ ನನ್ನ ಮಗ ನೋಡ್ಕೋತಾನೆ’ ಅಂದ. ನನ್ನ ಹತ್ರ ಇದ್ದಿದ್ದು ಒಂದು ಬಾಂಡ್ ಪೇಪರು, ಅದರಲ್ಲಿ ‘ಕೈಗಡ ಸಾಲ’ ಅಂತ ಬರ್ಕೊಂಡಿದ್ವಿ. ಲಾಯರ್ ಅದನ್ನ ಓದಿ ಕನ್ನಡಕ ತೆಗೆದು ಟೇಬಲ್ ಮೇಲಿಟ್ರು. 11 ಲಕ್ಷ ಬಂತು, ಕಂತಲ್ಲಿ.

ರಾಜಾಜಿನಗರ ಬಾರ್ ಕ್ಯಾಷಿಯರ್:
ಎಲ್ಲಾರೂ ಹೆದರಿಸ್ಬೇಡ್ರಪ್ಪ. ಸ್ವಂತ ಲೈಸೆನ್ಸ್ ಇದ್ರೆ ಇದು ಚಿನ್ನ. 1992ರಿಂದ ಹೊಸ ಸಿಎಲ್-2 (ವೈನ್ಸ್ ಲೈಸೆನ್ಸು), ಸಿಎಲ್-9 (ಬಾರ್ ಲೈಸೆನ್ಸು) ಕೊಟ್ಟೇ ಇರ್ಲಿಲ್ಲ, ಅದಕ್ಕೇ ಹಳೇದು ಕೋಟಿ ಮಾತಾಡುತ್ತೆ. ಆದ್ರೆ 2025ರ ಬಜೆಟ್‌ನಲ್ಲಿ ಸರ್ಕಾರ ಸನ್ನದು ಇ-ಹರಾಜು ಹಾಕ್ತೀವಿ ಅಂದಿತ್ತು, ಅಬಕಾರಿಯಿಂದ 40,000 ಕೋಟಿ ಗುರಿ ಬೇರೆ ಇಟ್ಕೊಂಡಿತ್ತು. ಪಕ್ಕದ ಬೀದೀಲೇ ಇನ್ನೊಂದು ಅಂಗಡಿ ಬಂದ್ರೆ ಲೀಸ್‌ನೋನ ಗತಿ ಏನು? ಪೆಟ್ಟು ಕೋರ್ಟಿಂದಲೂ ಬರ್ಬೋದು. ಹೆದ್ದಾರಿ ಪಕ್ಕ ಎಣ್ಣೆ ಅಂಗಡಿ ಇರ್ಬಾರ್ದು ಅನ್ನೋ ಸುಪ್ರೀಂ ಕೋರ್ಟ್ ತೀರ್ಪಿಂದ 2017ರ ಜುಲೈ 1ಕ್ಕೆ ಎಂ.ಜಿ. ರೋಡಲ್ಲೇ ಬಾಗಿಲು ಹಾಕಿದ್ರು. ಸಂಬಳ ಇಲ್ದೆ ಕೂತಿದ್ದ ಸ್ನೇಹಿತರಿಗೆ ನಾನೇ ಊಟ ಹಾಕ್ಸಿದೀನಿ.

ಮಾಗಡಿ ರಸ್ತೆ ಗಲ್ಲಾ:
ಎಲೆಕ್ಷನ್ ಮರೆತ್ರಿ. ವೋಟು ಮುಗಿಯೋ ಮುಂಚೆ 48 ಗಂಟೆ ಬಂದ್, ಎಣಿಕೆ ದಿನ ಬಂದ್. ಬಾಡಿಗೆಗೆ ಬಂದ್ ಇಲ್ಲ.

ಪೀಣ್ಯ ವಿಆರ್‌ಎಸ್:
ಎಲ್ಲರಿಗೂ ದೊಡ್ಡ ನಮಸ್ಕಾರ. ನಿನ್ನೆ ಬಾಮೈದನಿಗೆ ಫೋನ್ ಮಾಡಿ ಮೂರು ಕೇಳ್ದೆ: ಸನ್ನದಿನ ಜೆರಾಕ್ಸು, ಕಳೆದ 12 ತಿಂಗಳ ಇಂಡೆಂಟ್ ಲೆಕ್ಕ, ಸನ್ನದುದಾರರ ಜೊತೆ ಎದುರಾ ಬದುರಾ ಒಂದು ಮಾತು. ‘ಆಯ್ತು ಭಾವ’ ಅಂದ. ಇವತ್ತು ಬೆಳಿಗ್ಗೆ ಬಂದಿದ್ದು ಸ್ಕಾಚ್ ಅಗ್ಗ ಆಗುತ್ತೆ ಅನ್ನೋ ಸುದ್ದಿ. ನಮ್ಮನೆಯವಳು ಅದನ್ನ ನೋಡಿ, ‘ಸ್ವಂತ ತಮ್ಮನೇ ಆಗ್ಲಿ, ಜೆರಾಕ್ಸ್ ಬರೋವರ್ಗೂ ಚೆಕ್‌ಬುಕ್ ನನ್ನ ಬೀರುವಲ್ಲಿರುತ್ತೆ’ ಅಂದ್ಲು. ಬೀಗದ ಕೈ ಅವಳ ಹತ್ರಾನೇ ಇದೆ.