ದಾಳ ಹಾಕುವವನ ಮನಸ್ಸೋ, ಲೆಕ್ಕ ಬರೆಯುವವನ ಮನಸ್ಸೋ?

ಸೋಮವಾರಪೇಟೆ ಮಳೆ:
ಮೂರು ದಿನದಿಂದ ಕರೆಂಟ್ ಇಲ್ಲ. ತೋಟಕ್ಕೆ ಇಳಿದರೆ ಜಿಗಣೆ. ಸುಮ್ನೆ ಕೂತು ಅಕ್ಕನ ಮಗನ ಜೊತೆ ಲೂಡೋ ಆಡ್ತಿದ್ದೆ. "ಮಾವ, ಮನಸ್ಸಲ್ಲೇ ಆರು ಬೀಳಿಸ್ತೇನೆ" ಅಂದ. 240 ಸಲ ಹಾಕಿಸಿದೆ. 40 ಆರು ಬಿದ್ದರೆ ಲೆಕ್ಕಕ್ಕೆ ಸರಿ, ಬಿದ್ದದ್ದು 52! ಮರುದಿನ ನನ್ನ ಹೆಂಡತಿ ಲೆಕ್ಕ ಬರೆದಳು. ಅವಳಿಗೆ ಇದರಲ್ಲಿ ನಂಬಿಕೆ ಇಲ್ಲ. ಅದೇ ದಾಳ, ಅದೇ ಹುಡುಗ, 240ಕ್ಕೆ 38.
ಮೊದಲ ದಿನ ದಾಳ ಉರುಳುವುದನ್ನೇ ಕಣ್ಣ ಮುಂದೆ ತಂದುಕೊಂಡನಂತೆ. ಎರಡನೇ ದಿನ ಬರೀ 'ಆರು ಬರಲಿ' ಅಂತ ನೆನೆದನಂತೆ. ವ್ಯತ್ಯಾಸ ಇದರಿಂದಲೋ, ಬರೆದವರಿಂದಲೋ?

ಮಡಿಕೇರಿ ಮೇಷ್ಟ್ರು:
52 ಬರೀ ಅದೃಷ್ಟದಿಂದಲೂ ಬರುತ್ತದೆ. ಇದೇ ಆಟ ನಲವತ್ತು ಸಲ ಆಡಿದರೆ ಒಂದು ಸಲವಾದರೂ ಇಷ್ಟು ಬಂದೀತು.
ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೆ. ಬಿ. ರೈನ್ ಅನ್ನುವ ಸಂಶೋಧಕ, ಮನಸ್ಸಿನಿಂದ ವಸ್ತುವನ್ನು ಅಲುಗಿಸಬಹುದೇ ಅನ್ನುವ ಪರೀಕ್ಷೆಯನ್ನು 1934ರಲ್ಲಿ ದಾಳದಿಂದಲೇ ಶುರು ಮಾಡಿದ್ದು. ಆಗ ಎದ್ದ ಒಂದು ತಕರಾರು: ಆರರ ಮುಖದಲ್ಲಿ ಗುಂಡಿ ಜಾಸ್ತಿ, ಆ ಕಡೆ ಹಗುರ, ಹಾಗಾಗಿ ಆರು ಮೇಲೆ ಬರುವುದು ಒಂಚೂರು ಜಾಸ್ತಿ. ಹಾಗಿದ್ದರೆ ನಿಮ್ಮ ಮನೆಯವರು ಬರೆದಾಗಲೂ ಜಾಸ್ತಿ ಬರಬೇಕಿತ್ತು ಅಲ್ವಾ? ಅದಕ್ಕೇ ನನಗೆ ದಾಳಕ್ಕಿಂತ ನಿಮ್ಮ ಮೇಲೆ ಅನುಮಾನ. ಕೋಪ ಮಾಡ್ಕೋಬೇಡಿ. ಮೇಜಿನಿಂದ ಜಾರಿದ ದಾಳವನ್ನು ಏನು ಮಾಡಿದಿರಿ?

ಗೋಣಿಕೊಪ್ಪದ ಅಕ್ಕ:
ಬರೆಯುವವರ ಕೈವಾಡ ಬೇಡ ಅಂತಲೇ ಆಮೇಲೆ ಯಂತ್ರ ಬಂತು. ಭೌತವಿಜ್ಞಾನಿ ಹೆಲ್ಮುಟ್ ಶ್ಮಿಟ್, ದಾಳದ ಹಾಗೇ ಮುಂದೇನು ಬರುತ್ತದೆಂದು ಹೇಳಲಾಗದ, ಸ್ಟ್ರಾನ್ಷಿಯಂ-90 ಅನ್ನುವ ವಸ್ತುವಿನ ವಿಕಿರಣದಿಂದ ನಡೆಯುವ ಯಂತ್ರ ಮಾಡಿದರು. ಎಣಿಕೆಯೂ ಅದರದ್ದೇ. ಪ್ರಿನ್ಸ್‌ಟನ್‌ನಲ್ಲಿ ರಾಬರ್ಟ್ ಜಾನ್ 1979ರಿಂದ ಇಂಥದ್ದನ್ನೇ ನಡೆಸಿದರು, 2007ರಲ್ಲಿ ಮುಚ್ಚಿದರು. ಅಲ್ಲಿ ಹೀಗೇ ಯೋಚಿಸು ಅಂತ ಯಾರಿಗೂ ಹೇಳುತ್ತಿರಲಿಲ್ಲ. ಕೂತವರಿಗೆ ಹೇಗೆ ಸರಿಯೋ ಹಾಗೆ. ಅವರದ್ದೂ ಸೇರಿ ಮೂರು ಲ್ಯಾಬ್ ಒಟ್ಟಿಗೆ ಮತ್ತೆ ಮಾಡಿ ನೋಡಿದಾಗ, ಮನಸ್ಸಿಗೆ ತಕ್ಕಂತೆ ಯಂತ್ರ ಒಂಚೂರು ವಾಲುತ್ತದೆ ಅನ್ನುವ ಅವರ ಫಲಿತಾಂಶ ಬರಲಿಲ್ಲ. 2006ರಲ್ಲಿ ಇಂಥ 380 ಪ್ರಯೋಗ ಒಟ್ಟು ಸೇರಿಸಿ ನೋಡಿದರು. ಪ್ರಯೋಗ ಚಿಕ್ಕದಾದಷ್ಟೂ ಚಮತ್ಕಾರ ದೊಡ್ಡದು! ಏನೂ ಸಿಗದ ಚಿಕ್ಕ ಪ್ರಯೋಗಗಳು ಪ್ರಕಟವಾಗದೆ ಮೇಜಿನ ಡ್ರಾಯರ್‌ನಲ್ಲೇ ಉಳಿದರೆ ಹೀಗಾಗುತ್ತದೆ.
ನಿಮ್ಮದು ಇನ್ನೊಂದು ಗೊಂದಲ. ಯೋಚಿಸುವ ರೀತಿ ಬದಲಿಸಿದ ದಿನವೇ ಬರೆಯುವವರನ್ನೂ ಬದಲಿಸಿದ್ದೀರಿ. ಯಾವುದರಿಂದ ಅಂತ ಈಗ ಬೇರ್ಪಡಿಸುವುದು ಹೇಗೆ? ಇಬ್ಬರೂ ಬರೆಯಬೇಕು, ಎರಡೂ ರೀತಿಯಲ್ಲಿ ಹಾಕಿಸಬೇಕು. ಯಾವ ಅಂಕಿ ಬೇಕು ಅನ್ನುವುದನ್ನು ಚೀಟಿ ಎತ್ತಿ ಮೊದಲೇ ಬರೆದಿಡಿ.

ಸೋಮವಾರಪೇಟೆ ಮಳೆ:
ಮೇಷ್ಟ್ರೇ, ಸಿಕ್ಕಿಬಿದ್ದೆ. ದಾಳ ಮಂಚದ ಕೆಳಗೆ ಹೋದಾಗ ಟಾರ್ಚ್ ಹಿಡಿದು ನೋಡುತ್ತಿದ್ದವನು ನಾನೇ. ಆರಿದ್ದರೆ ಬರೆದುಕೊಂಡೆ. ಇಲ್ಲದಿದ್ದರೆ 'ಜಾರಿತು, ಮತ್ತೆ ಹಾಕು' ಅಂದೆ. ಬೇಕಂತ ಮಾಡಿದ್ದಲ್ಲ, ಆಗ ಅದು ನ್ಯಾಯ ಅನ್ನಿಸಿತ್ತು! ನನ್ನವಳದ್ದು ಒಂದೇ ಮಾತು, 'ಬಿದ್ದದ್ದು ಬಿದ್ದ ಹಾಗೆ.'
ಇದನ್ನೆಲ್ಲ ಹುಡುಗನಿಗೆ ಓದಿ ಹೇಳಿದೆ. "ಅದಲ್ಲ ಮಾವ, ಅತ್ತೆ ಎದುರಿಗೆ ಕೂತರೆ ಆರು ಹೆದರಿ ಬರಲ್ಲ" ಅಂದ. ಚೀಟಿ ಕತ್ತರಿಸುತ್ತಿದ್ದೇವೆ. ಮಳೆ ಇನ್ನೂ ನಿಂತಿಲ್ಲ.