ಲೋಡ್ ಗಾಡಿ, ಘಾಟಿ ಏರು, ಪಿ 0087: ಪಂಪ್ ಬಿಚ್ಚುವ ಮೊದಲು ಏನು ನೋಡಬೇಕು?

ಕೇಳಿದವರು:
ಅಣ್ಣಂದಿರೇ, ನನ್ನದು ಹತ್ತು ಚಕ್ರದ ಬಿಎಸ್ 4 ಲಾರಿ, ಕಾಮನ್ ರೇಲ್ ಎಂಜಿನ್. ಖಾಲಿ ಇದ್ದಾಗ ಚೆನ್ನಾಗಿ ಓಡುತ್ತದೆ. ಲೋಡ್ ಹಾಕಿ ಶಿರಾಡಿ ಹತ್ತುವಾಗ ಎಂಜಿನ್ ಲೈಟ್ ಬರುತ್ತದೆ, ಪಿಕಪ್ ಬಿದ್ದುಹೋಗುತ್ತದೆ. ಸ್ಕ್ಯಾನರ್‌ನಲ್ಲಿ ಪಿ 0087 ಬಂತು. ಡೀಸೆಲ್ ಫಿಲ್ಟರ್ ಬದಲಾಯಿಸಿದೆ, ಏನೂ ಆಗಲಿಲ್ಲ. ಹೈ ಪ್ರೆಶರ್ ಪಂಪ್ ಹೋಗಿದೆ ಅನ್ನುತ್ತಿದ್ದಾರೆ. ಯಾರಿಗಾದರೂ ಹೀಗಾಗಿತ್ತಾ?

ಹಾಸನದ ಲಾರಿ ಮಾಲೀಕರು:
ನನಗೆ ಆಗಿತ್ತು, ಅದೇ ಘಾಟಿಯಲ್ಲಿ. ದಯವಿಟ್ಟು ಪಂಪ್ ಈಗಲೇ ಬಿಚ್ಚಿಸಬೇಡಿ. ಪಿ 0087 ಅಂದರೆ ರೇಲ್‌ನಲ್ಲಿ, ಅಂದರೆ ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ದಪ್ಪ ಪೈಪಿನಲ್ಲಿ, ಪ್ರೆಶರ್ ಕಡಿಮೆ ಇದೆ ಅಂತ ಅಷ್ಟೇ. ಟ್ಯಾಂಕಿನಿಂದ ಡೀಸೆಲ್ ಸರಿಯಾಗಿ ಬರದಿದ್ದರೂ ಇದೇ ಕೋಡ್. ಎಂಜಿನ್ ಒಳಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳು ರಿಟರ್ನ್‌ಗೆ (ಟ್ಯಾಂಕಿಗೆ ವಾಪಸ್ ಹೋಗುವ ಪೈಪಿಗೆ) ಜಾಸ್ತಿ ಬಿಡುತ್ತಿದ್ದರೂ ಇದೇ ಕೋಡ್.

ಖಾಲಿ ಗಾಡಿ ಓಡುತ್ತದೆ, ಲೋಡ್ ಗಾಡಿ ಸೋಲುತ್ತದೆ ಅಂದಿರಲ್ಲ, ಅದೇ ದೊಡ್ಡ ಸುಳಿವು. ಐಡಲ್‌ನಲ್ಲಿ 300-400 ಬಾರ್ ಇದ್ದರೆ ಎಂಜಿನ್ ಸುಮ್ನೆ ಓಡುತ್ತದೆ. ಏರಿನಲ್ಲಿ 1,000 ಬಾರ್ ದಾಟಿ ಕೇಳುತ್ತದೆ, ಡೀಸೆಲ್ ಕೂಡ ಹಲವು ಪಟ್ಟು ಬೇಕು. ದಾರಿಯಲ್ಲಿ ಎಲ್ಲೋ ಸ್ವಲ್ಪ ಕಟ್ಟಿಕೊಂಡಿದ್ದರೆ ಆಗಲೇ ಗೊತ್ತಾಗುವುದು.

ನಾನು ಮೊದಲು ಒಂದು ಕಡೆ ರೇಲ್ ಸೆನ್ಸರ್ ಹಾಕಿಸಿ ದುಡ್ಡು ಕಳೆದುಕೊಂಡೆ. ಮುಂದಿನ ಟ್ರಿಪ್ಪಿನಲ್ಲೇ ಲೈಟ್ ಮತ್ತೆ ಬಂತು. ಆಮೇಲೆ ಸಕಲೇಶಪುರದಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿಗೆ ಬರುವ ಪೈಪ್ ಬಿಚ್ಚಿ, ಮಧ್ಯೆ ಒಂದು ಮೊಳ ಟ್ರಾನ್ಸ್‌ಪರೆಂಟ್ ಪೈಪ್ ಸೇರಿಸಿದರು. ಐಡಲ್‌ನಲ್ಲಿ ಡೀಸೆಲ್ ತಿಳಿಯಾಗಿ ಹೋಗುತ್ತಿತ್ತು. ರೇಸ್ ಕೊಟ್ಟ ಕೂಡಲೇ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಬಂದವು. ಪೈಪ್ ಹಿಡಿದುಕೊಂಡೇ ಹಿಂದಕ್ಕೆ ಹೋದರು. ಟ್ಯಾಂಕ್ ಹತ್ತಿರ ಕ್ಲಾಂಪ್ ಸಡಿಲಾಗಿ, ಪೈಪ್ ಚಾಸಿಗೆ ಉಜ್ಜಿ ಉಜ್ಜಿ ಸವೆದಿತ್ತು. ಹೊರಗೆ ಒಂದು ಹನಿಯೂ ಸೋರಿರಲಿಲ್ಲ. ಆ ಭಾಗದಲ್ಲಿ ಪಂಪ್ ಡೀಸೆಲನ್ನು ಎಳೆಯುತ್ತದೆ, ತಳ್ಳುವುದಿಲ್ಲ. ಹಾಗಾಗಿ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಪೈಪ್ ಬದಲಾಯಿಸಿ, ಹ್ಯಾಂಡ್ ಪಂಪ್ ಒತ್ತಿ ಏರ್ ತೆಗೆದೆವು. ಅದಾದ ಮೇಲೆ ಕೋಡ್ ಬಂದಿಲ್ಲ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಒಂದು ಕ್ಯಾನ್‌ನಲ್ಲಿ ಶುದ್ಧ ಡೀಸೆಲ್ ಇಟ್ಟು ಎಂಜಿನ್ ಅದರಿಂದಲೇ ನೇರವಾಗಿ ಎಳೆಯುವ ಹಾಗೆ ಮಾಡಿ. ಗುಳ್ಳೆ ನಿಂತು ಪ್ರೆಶರ್ ಏರಿದರೆ ದೋಷ ಟ್ಯಾಂಕ್ ಕಡೆಗೇ ಇದೆ: ಒಳಗಿನ ಜಾಲರಿ, ಪೈಪ್, ಡೀಸೆಲ್‌ನಿಂದ ನೀರು ಬೇರ್ಪಡಿಸುವ ವಾಟರ್ ಸೆಪರೇಟರ್, ಇವುಗಳಲ್ಲೇ ಒಂದು. ಮೇನ್ ಫಿಲ್ಟರ್ ಮಾತ್ರ ಬದಲಾಯಿಸಿ ಸೆಪರೇಟರ್ ಬಿಟ್ಟಿದ್ದೀರಾ, ನೋಡಿ. ನಮ್ಮಲ್ಲಿ ತುಂಬಾ ಜನ ಅದನ್ನು ಮರೆಯುತ್ತಾರೆ.

ಚಿತ್ರದುರ್ಗದ ಚಾಲಕರು:
ಟ್ಯಾಂಕ್ ಮುಚ್ಚಳವನ್ನೂ ನೋಡಿ ಅಣ್ಣ. ನಮ್ಮ ಗಾಡಿ ಒಂದು ಗಂಟೆ ಓಡಿದ ಮೇಲೆ ಸೋಲುತ್ತಿತ್ತು, ಸ್ವಲ್ಪ ಹೊತ್ತು ನಿಲ್ಲಿಸಿದರೆ ಸರಿ ಹೋಗುತ್ತಿತ್ತು. ಒಂದು ದಿನ ಸೋತ ಜಾಗದಲ್ಲೇ ಮುಚ್ಚಳ ತಿರುಗಿಸಿದೆ. ಉಸ್ ಅಂತ ಗಾಳಿ ಒಳಗೆ ಎಳೆದುಕೊಂಡಿತು. ಗಾಳಿ ಹೋಗುವ ತೂತಿನಲ್ಲಿ ಮಣ್ಣು ಕೂತಿತ್ತು.

ಹುಬ್ಬಳ್ಳಿಯ ಪಂಪ್ ಮೆಕ್ಯಾನಿಕ್:
ಮೇಲಿನವರು ಹೇಳಿದ್ದು ಸರಿ. ಟ್ಯಾಂಕಿನಿಂದ ಶುರು ಮಾಡಿ, ಪಂಪ್ ಕೊನೆಗೆ. ಕೋಡ್ ಓದಿ ಸ್ಕ್ಯಾನರ್ ತೆಗೆಯಬೇಡಿ, ಲೈವ್ ಡೇಟಾ ಹಾಕಿಸಿ. ಎಂಜಿನ್ ಕೇಳುವ ಪ್ರೆಶರ್ ಎಷ್ಟು, ನಿಜವಾಗಿ ಸಿಗುವುದು ಎಷ್ಟು, ಎರಡನ್ನೂ ಲೋಡ್‌ನಲ್ಲಿ ಓಡಿಸುತ್ತಾ ಪಕ್ಕಪಕ್ಕ ನೋಡಬೇಕು. ಎಂಜಿನ್ ನಿಲ್ಲಿಸಿ ಐದು-ಹತ್ತು ನಿಮಿಷ ಬಿಟ್ಟು ಕೀ ಮಾತ್ರ ಆನ್ ಮಾಡಿ. ರೇಲ್ ಪ್ರೆಶರ್ ಸೊನ್ನೆಯ ಹತ್ತಿರ ಇರಬೇಕು. ಆಗಲೂ ನೂರಾರು ಬಾರ್ ತೋರಿಸಿದರೆ ಸೆನ್ಸರ್ ಅಥವಾ ವೈರಿಂಗ್ ಮೇಲೆ ಅನುಮಾನ ಪಡಿ. ಸಾಮಾನ್ಯವಾಗಿ ಈ ಸೆನ್ಸರ್‌ಗೆ 5 ವೋಲ್ಟ್ ಸಪ್ಲೈ ಇರುತ್ತದೆ, ಪ್ರೆಶರ್ ಇಲ್ಲದಾಗ ಸಿಗ್ನಲ್ 0.5 ವೋಲ್ಟ್ ಆಸುಪಾಸು.

ಎಂಜಿನ್ ಬಿಸಿ ಇದ್ದಾಗ ಸ್ಟಾರ್ಟ್ ಆಗಲು ಜಾಸ್ತಿ ಹೊತ್ತು ತೆಗೆದುಕೊಂಡರೆ ಇಂಜೆಕ್ಟರ್ ರಿಟರ್ನ್ ಅಳೆಯಿರಿ. ಬಿಸಿ ಡೀಸೆಲ್ ತೆಳು, ಸವೆದ ಕಡೆ ಬೇಗ ಜಾರಿಕೊಳ್ಳುತ್ತದೆ. ಪ್ರೆಶರ್ ಮಿತಿ ಮೀರಿದಾಗ ಮಾತ್ರ ತೆರೆಯುವ, ರೇಲ್ ಮೇಲಿನ ಪ್ರೆಶರ್ ಲಿಮಿಟ್ ವಾಲ್ವ್‌ನ ರಿಟರ್ನ್ ಕೂಡ ನೋಡಿ. ಅಲ್ಲಿ ಡೀಸೆಲ್ ಬರುತ್ತಿದ್ದರೆ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ.

ತೆಗೆದ ಹಳೆ ಫಿಲ್ಟರ್ ಎಸೆದಿಲ್ಲ ತಾನೇ? ಅದರ ಡೀಸೆಲನ್ನು ಬಿಳಿ ಬಟ್ಟೆ ಮೇಲೆ ಸುರಿದು ಬಿಸಿಲಿಗೆ ಹಿಡಿಯಿರಿ. ಬೆಳ್ಳಿ ಪುಡಿಯಂತೆ ಹೊಳೆದರೆ ಪಂಪ್ ಒಳಗೇ ಸವೆಯುತ್ತಿರಬಹುದು. ಹಾಗಿದ್ದರೆ ಪಂಪ್ ಒಂದನ್ನೇ ಬದಲಾಯಿಸಿ ಪ್ರಯೋಜನವಿಲ್ಲ. ಆ ಪುಡಿ ರೇಲ್, ಇಂಜೆಕ್ಟರ್‌ಗಳಿಗೂ ಹೋಗಿರುತ್ತದೆ, ರಿಟರ್ನ್‌ನಲ್ಲಿ ಟ್ಯಾಂಕಿಗೂ ಬಂದಿರುತ್ತದೆ. ಹೊಸ ಫಿಲ್ಟರ್‌ಗೆ ಮೇಲಿಂದ ಡೀಸೆಲ್ ಸುರಿದು ಕೂರಿಸಬೇಡಿ, ಸೋಸದ ಡೀಸೆಲ್ ನೇರ ಪಂಪಿಗೆ ಹೋಗುತ್ತದೆ. ಹ್ಯಾಂಡ್ ಪಂಪಿನಿಂದಲೇ ತುಂಬಿಸಿ.

ಒಂದು ಮಾತು ಮಾತ್ರ ಖಂಡಿತ ನೆನಪಿರಲಿ. ಹಳೆ ಗಾಡಿಯಲ್ಲಿ ಮಾಡಿದ ಹಾಗೆ ಎಂಜಿನ್ ಓಡುವಾಗ ನಾಜಲ್ (ಇಂಜೆಕ್ಟರ್) ಪೈಪಿನ ನಟ್ ಸಡಿಲ ಮಾಡಬೇಡಿ, ಸೋರುವ ಜಾಗಕ್ಕೆ ಬೆರಳು ಇಡಬೇಡಿ. ಆ ಪ್ರೆಶರ್‌ನಲ್ಲಿ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ. ನೋವಿಲ್ಲ ಅಂತ ಬಿಡಬಾರದು, ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ ಡೀಸೆಲ್ ಒಳಗೆ ಹೋಗಿದೆ ಅಂತ ಹೇಳಬೇಕು. ತಡವಾದರೆ ಬೆರಳೇ ಹೋಗಬಹುದು.