ಟೋಸ್ಕಾ ಟೆಂಪ್ಲೇಟನ್ನು ಹೀಟ್‌ಗೆ ತಿರುಗಿಸಿದವರು ದಯವಿಟ್ಟು ಹೇಳಿ

ಪ್ರಶ್ನೆ

ನಮ್ಮ ಲ್ಯಾಬಿನಲ್ಲಿ ಓಪನ್‌ಸ್ಟ್ಯಾಕ್ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರಿನಿಂದ ಕಟ್ಟಿದ ಒಂದು ಚಿಕ್ಕ ಕ್ಲೌಡ್ ಇದೆ. ಹಿಂದಿನ ತಂಡ ಬಿಟ್ಟುಹೋದ ಟೆಂಪ್ಲೇಟುಗಳೆಲ್ಲ (ಏನೇನು ಸರ್ವರ್, ಡಿಸ್ಕ್ ಬೇಕು ಅಂತ ಬರೆದ ಫೈಲುಗಳು) ಟೋಸ್ಕಾದಲ್ಲಿವೆ, ಅಂದರೆ ಯಾವುದೇ ಒಂದು ಕ್ಲೌಡ್‌ಗೆ ಸೀಮಿತವಲ್ಲದ ಸ್ಟ್ಯಾಂಡರ್ಡ್ ಭಾಷೆಯಲ್ಲಿ. ಒಂದು ವೆಬ್ ಸರ್ವರ್, ಒಂದು ಮೈಎಸ್‌ಕ್ಯೂಎಲ್ ಸರ್ವರ್, ಅದಕ್ಕೊಂದು ಡಿಸ್ಕ್, ಅಷ್ಟೇ. ಟೆಂಪ್ಲೇಟ್ ಓದಿ ಇವನ್ನೆಲ್ಲ ಏಳಿಸುವುದು ಓಪನ್‌ಸ್ಟ್ಯಾಕ್‌ನ ಹೀಟ್ ಎಂಬ ಭಾಗ, ಅದಕ್ಕೆ ಬೇಕಿರುವುದು ಅದರದೇ ಹಾಟ್ ಟೆಂಪ್ಲೇಟ್ ಅಲ್ವಾ? ಅದಕ್ಕೆ ಹೀಟ್-ಟ್ರಾನ್ಸ್‌ಲೇಟರ್ ಎಂಬ ಕಮಾಂಡ್ ಲೈನ್ ಟೂಲ್ ಹಾಕಿಕೊಂಡೆ. ಓಡಿಸಿದೆ, ಫೈಲೂ ಬಂತು. ಆದರೆ ಸ್ಟ್ಯಾಕ್ (ಆ ಟೆಂಪ್ಲೇಟಿನ ಸರ್ವರ್, ಡಿಸ್ಕ್ ಎಲ್ಲ ಸೇರಿದ ಗುಂಪು) ಮೇಲೇಳಲಿಲ್ಲ. ಫ್ಲೇವರ್ (ಸರ್ವರಿನ ಸಿಪಿಯು, ಮೆಮೊರಿ, ಡಿಸ್ಕ್ ಅಳತೆಗೆ ಇಟ್ಟ ಹೆಸರು) ಸಿಗಲಿಲ್ಲ ಎಂಬ ಎರರ್ ಬರುತ್ತಿದೆ. ಬಳಸಿದವರಿಗೆ ಏನೇನು ತೊಂದರೆ ಆಯಿತು, ಹೇಗೆ ಸರಿ ಮಾಡಿಕೊಂಡಿರಿ, ಹೇಳ್ತೀರಾ?

ಉತ್ತರ 1

ನನಗೂ ಮೊದಲ ಸಲ ಆಗಿದ್ದು ಇದೇ. ಟೋಸ್ಕಾದಲ್ಲಿ ನಾವು ಫ್ಲೇವರಿನ ಹೆಸರು ಬರೆಯುವುದಿಲ್ಲ. ಎರಡು ಸಿಪಿಯು, 4 ಜಿಬಿ ಮೆಮೊರಿ, 10 ಜಿಬಿ ಡಿಸ್ಕ್ ಬೇಕು ಅಂತ ಅಳತೆ ಕೊಡುತ್ತೇವೆ. ಆ ಅಳತೆಗೆ ಹೊಂದುವ ಫ್ಲೇವರನ್ನು ಟೂಲ್ ಹುಡುಕಬೇಕು. ಎಲ್ಲಿ ಹುಡುಕುತ್ತದೆ ಅನ್ನುವುದರಲ್ಲೇ ಎಲ್ಲ ಇದೆ.

ಟರ್ಮಿನಲ್‌ನಲ್ಲಿ ನಿಮ್ಮ ಕ್ಲೌಡ್‌ನ ಲಾಗಿನ್ ವಿವರ ಇದ್ದರೆ ಅದು ನಿಮ್ಮ ನೋವಾವನ್ನೇ (ಸರ್ವರ್ ನಡೆಸುವ ಭಾಗ) ಕೇಳಿ ಫ್ಲೇವರ್ ಆರಿಸುತ್ತದೆ, ಗ್ಲಾನ್ಸ್‌ನಿಂದ (ಇಮೇಜುಗಳನ್ನು ಇಡುವ ಭಾಗ) ಇಮೇಜ್, ಅಂದರೆ ಸರ್ವರಿಗೆ ಹಾಕುವ ಸಿದ್ಧ ಓಎಸ್ ಪ್ರತಿ ಆರಿಸುತ್ತದೆ. ಲಾಗಿನ್ ವಿವರ ಇಲ್ಲದಿದ್ದರೆ ತನ್ನೊಳಗೇ ಬರೆದಿಟ್ಟುಕೊಂಡ ಹಳೇ ಪಟ್ಟಿ ನೋಡುತ್ತದೆ. ಆ ಪಟ್ಟಿಯಲ್ಲಿರುವುದು ಎಂ1.ಟೈನಿ, ಎಂ1.ಸ್ಮಾಲ್, ಎಂ1.ಮೀಡಿಯಂ ಥರದ ಹೆಸರುಗಳು. ಮೇಲಿನ ಅಳತೆಗೆ ಎಂ1.ಮೀಡಿಯಂ ಬರುತ್ತದೆ, ಯಾಕಂದ್ರೆ ಆ ಪಟ್ಟಿಯಲ್ಲಿ ಅದಕ್ಕೆ 2 ಸಿಪಿಯು, 4096 ಎಂಬಿ ಇದೆ. ಹಿಂದೆ ಓಪನ್‌ಸ್ಟ್ಯಾಕ್ ಹಾಕಿದ ಕೂಡಲೇ ಈ ಫ್ಲೇವರುಗಳು ತಾವಾಗಿಯೇ ಇರುತ್ತಿದ್ದವು. 2016ರ ನ್ಯೂಟನ್ ಬಿಡುಗಡೆಯಿಂದ ಈಚೆಗೆ ಇಲ್ಲ. ನಿಮ್ಮ ಕ್ಲೌಡ್‌ನಲ್ಲಿ ಯಾರೋ ಬೇರೆ ಹೆಸರಿಟ್ಟು ಮಾಡಿರುತ್ತಾರೆ. ಹಾಗಾಗಿ ಎಂ1.ಮೀಡಿಯಂ ಎಂದರೆ ಹೀಟ್‌ಗೆ ಗೊತ್ತೇ ಆಗುವುದಿಲ್ಲ.

ಓಪನ್‌ಆರ್‌ಸಿ ಫೈಲನ್ನು (ಆ ಲಾಗಿನ್ ವಿವರ ಇರುವ ಫೈಲ್) ಸೋರ್ಸ್ ಮಾಡಿಕೊಂಡು, ಅಂದರೆ ಟರ್ಮಿನಲ್‌ಗೆ ಓದಿಸಿಕೊಂಡು, ಅದೇ ಟರ್ಮಿನಲ್‌ನಲ್ಲಿ ಟ್ರಾನ್ಸ್‌ಲೇಟರ್ ಮತ್ತೆ ಓಡಿಸಿ. ಆಮೇಲೆ ಬಂದ ಫೈಲಿನಲ್ಲಿ ಫ್ಲೇವರ್ ಸಾಲು, ಇಮೇಜ್ ಸಾಲು ಎರಡನ್ನೂ ಕಣ್ಣಾರೆ ನೋಡಿ. ನನ್ನ ಮೊದಲ ಫೈಲಿನಲ್ಲಿ ಇಮೇಜ್ ಜಾಗದಲ್ಲಿ "ಆರ್‌ಎಚ್‌ಇಎಲ್-6.5-ಟೆಸ್ಟ್-ಇಮೇಜ್" ಅಂತ ಇತ್ತು. ನಮ್ಮಲ್ಲಿ ಆ ಹೆಸರಿನ ಇಮೇಜ್ ಯಾವತ್ತೂ ಇರಲಿಲ್ಲ. ಅದೂ ಆ ಒಳಗಿನ ಪಟ್ಟಿಯಿಂದಲೇ ಬಂದದ್ದು. ಈ ಥರ ಹೆಸರು ಕಂಡರೆ ಟೂಲ್ ನಿಮ್ಮ ಕ್ಲೌಡನ್ನು ನೋಡಿಲ್ಲ ಅಂತಲೇ ಅರ್ಥ.

ಉತ್ತರ 2

ಫ್ಲೇವರ್ ದಾಟಿದ ಮೇಲೆ ನಿಜವಾದ ಕಷ್ಟ ಬರುತ್ತದೆ. ನಿಮ್ಮ ಟೆಂಪ್ಲೇಟಿನಲ್ಲಿ ಮೈಎಸ್‌ಕ್ಯೂಎಲ್ ಇದೆ ಅಂದಿರಿ. ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಟೋಸ್ಕಾದ ಕಂಪ್ಯೂಟ್ ನೋಡ್ ನೇರವಾಗಿ ನೋವಾ ಸರ್ವರ್ ಆಗುತ್ತದೆ. ಡಿಸ್ಕ್ ಸಿಂಡರ್ (ಡಿಸ್ಕ್ ಕೊಡುವ ಭಾಗ) ವಾಲ್ಯೂಮ್ ಆಗುತ್ತದೆ, ಜೋಡಣೆಗೆ ಬೇರೆ ಒಂದು ರಿಸೋರ್ಸ್ ಬರುತ್ತದೆ. ಇಲ್ಲಿ ತಕರಾರಿಲ್ಲ. ಆದರೆ ಮೈಎಸ್‌ಕ್ಯೂಎಲ್ ಥರದ ಸಾಫ್ಟ್‌ವೇರ್ ನೋಡ್‌ಗೆ ಕ್ರಿಯೇಟ್, ಕಾನ್ಫಿಗರ್, ಸ್ಟಾರ್ಟ್ ಎಂಬ ಸ್ಕ್ರಿಪ್ಟುಗಳಿರುತ್ತವಲ್ಲ, ಅವು ಒಂದೊಂದೂ ಒಂದು ಸಾಫ್ಟ್‌ವೇರ್ ಕಾನ್ಫಿಗ್ (ಸ್ಕ್ರಿಪ್ಟ್ ಇಡುವ ರಿಸೋರ್ಸ್), ಒಂದು ಸಾಫ್ಟ್‌ವೇರ್ ಡಿಪ್ಲಾಯ್‌ಮೆಂಟ್ (ಅದನ್ನು ಸರ್ವರಿನಲ್ಲಿ ಓಡಿಸುವ ರಿಸೋರ್ಸ್) ಆಗಿ ಬದಲಾಗುತ್ತವೆ. ಒಂದು ಮುಗಿದ ಮೇಲೆ ಇನ್ನೊಂದು ಅಂತ ಸರಪಳಿ ಕಟ್ಟಿರುತ್ತದೆ.

ಈ ಸ್ಕ್ರಿಪ್ಟನ್ನು ಸರ್ವರಿನ ಒಳಗೆ ಓಡಿಸುವವರು ಯಾರು? ಇಮೇಜಿನೊಳಗೆ ಓಎಸ್-ಕಲೆಕ್ಟ್-ಕಾನ್ಫಿಗ್ ಮತ್ತು ಅದರ ಜೊತೆಯವು, ಹೀಟ್-ಕಾನ್ಫಿಗ್ ಹುಕ್‌ಗಳು ಇರಬೇಕು. ಅವೇ ಹೀಟ್‌ನಿಂದ ಸ್ಕ್ರಿಪ್ಟ್ ತಂದು ಓಡಿಸಿ, ಮುಗಿಯಿತು ಅಂತ ವರದಿ ಕೊಡುತ್ತವೆ. ಸುಮ್ನೆ ಡೌನ್‌ಲೋಡ್ ಮಾಡಿದ ಉಬುಂಟು ಕ್ಲೌಡ್ ಇಮೇಜಿನಲ್ಲಿ ಇವು ಇರುವುದಿಲ್ಲ.

ನಾನು ಇದನ್ನು ಕಂಡುಕೊಂಡದ್ದು ಹೀಗೆ. ಸ್ಟ್ಯಾಕ್ ಶುರುವಾಯಿತು. ಸರ್ವರ್ ಎರಡೇ ನಿಮಿಷದಲ್ಲಿ ಬಂತು, ಪಿಂಗ್ ಕೂಡ ಆಯಿತು. ಆದರೆ ಸ್ಟ್ಯಾಕ್ ಮಾತ್ರ ಇನ್ ಪ್ರೋಗ್ರೆಸ್ ಅಂತಲೇ ನಿಂತಿತ್ತು. ಊಟ ಮಾಡಿ ಬಂದೆ, ಹಾಗೇ ಇತ್ತು. ಸರಿಯಾಗಿ ಒಂದು ಗಂಟೆಗೆ ಟೈಮ್‌ಔಟ್ ಆಗಿ ಫೇಲ್ ಆಯಿತು. ಹೀಟ್‌ನ ಡೀಫಾಲ್ಟ್ ಮಿತಿ 3600 ಸೆಕೆಂಡ್, ಅದಕ್ಕೇ ಒಂದು ಗಂಟೆ. ಎರರ್ ಸಾಲಿನಲ್ಲಿ ಟೈಮ್‌ಔಟ್ ಅಂತಷ್ಟೇ ಇತ್ತು, ಕಾರಣ ಇರಲಿಲ್ಲ. ರಿಸೋರ್ಸ್ ಪಟ್ಟಿ ತೆಗೆದು ನೋಡಿದೆ. ಸರ್ವರ್ ಕಂಪ್ಲೀಟ್, ವಾಲ್ಯೂಮ್ ಕಂಪ್ಲೀಟ್, ಮೊದಲ ಡಿಪ್ಲಾಯ್‌ಮೆಂಟ್ ಒಂದೇ ಮುಗಿದಿರಲಿಲ್ಲ. ಮುಂದಿನ ಸಲ ಸರ್ವರಿನ ಒಳಗೆ ಹೋಗಿ ಓಎಸ್-ಕಲೆಕ್ಟ್-ಕಾನ್ಫಿಗ್ ಸರ್ವಿಸ್ ಹುಡುಕಿದೆ. ಇರಲೇ ಇಲ್ಲ.

ಆಮೇಲೆ ಡಿಸ್ಕ್‌ಇಮೇಜ್-ಬಿಲ್ಡರ್ ಎಂಬ ಇಮೇಜ್ ಕಟ್ಟುವ ಟೂಲ್‌ನಲ್ಲಿ ಆ ಏಜೆಂಟುಗಳನ್ನು ಸೇರಿಸಿ ಹೊಸ ಇಮೇಜ್ ಕಟ್ಟಿದೆ. ಅದಾದ ಮೇಲೂ ಒಮ್ಮೆ ಹಾಗೇ ನಿಂತಿತು. ಆ ಸಲ ಕಾರಣ ಬೇರೆ. ಸರ್ವರಿನಿಂದ ಹೀಟ್‌ನ ಸಿಎಫ್‌ಎನ್ ಎಪಿಐಗೆ (ಏಜೆಂಟ್ ಹೀಟ್ ಜೊತೆ ಮಾತಾಡುವ ಜಾಗ) ದಾರಿ ಇರಲಿಲ್ಲ. ಅದು 8000ನೇ ಪೋರ್ಟಿನಲ್ಲಿರುತ್ತದೆ, ನಮ್ಮ ಫೈರ್‌ವಾಲ್ ಅದನ್ನು ತಡೆದಿತ್ತು. ಆದ್ದರಿಂದ ಮೊದಲು ಸರ್ವರಿನ ಒಳಗಿಂದ ಆ ಪೋರ್ಟಿಗೆ ಒಂದು ಕರ್ಲ್ (ವಿಳಾಸಕ್ಕೆ ರಿಕ್ವೆಸ್ಟ್ ಕಳಿಸುವ ಕಮಾಂಡ್) ಹೊಡೆದು ನೋಡಿ. ಉತ್ತರ ಬಂದರೆ ದಾರಿ ಇದೆ ಅಂತ. ಹೀಗೆ ಪರೀಕ್ಷೆ ಮಾಡುವಾಗ ಸ್ಟ್ಯಾಕ್‌ನ ಟೈಮ್‌ಔಟನ್ನು 10 ನಿಮಿಷಕ್ಕೆ ಇಳಿಸಿಕೊಳ್ಳಿ. ನನ್ನ ಹಾಗೆ ಒಂದೊಂದು ಪ್ರಯತ್ನಕ್ಕೂ ಒಂದೊಂದು ಗಂಟೆ ಕಾಯಬೇಡಿ.

ಉತ್ತರ 3

ಚಿಕ್ಕ ವಿಷಯ, ಆದರೆ ನನ್ನ ಅರ್ಧ ದಿನ ತಿಂದಿತು. ಟ್ರಾನ್ಸ್‌ಲೇಟರ್ ಕಮಾಂಡಿಗೆ ಕೊಡುವ ಪ್ಯಾರಾಮೀಟರುಗಳನ್ನು ಸೆಮಿಕೋಲನ್ ಹಾಕಿ ಬೇರ್ಪಡಿಸಬೇಕು. ಇಡೀ ಪಟ್ಟಿಗೆ ಕೊಟೇಶನ್ ಹಾಕದಿದ್ದರೆ ಶೆಲ್ ಸೆಮಿಕೋಲನ್ ಕಂಡಲ್ಲೇ ಕಮಾಂಡ್ ಮುಗಿಯಿತು ಅಂದುಕೊಳ್ಳುತ್ತದೆ. ನಾನು ಸಿಪಿಯು ಎಷ್ಟು, ಡೇಟಾಬೇಸ್ ಹೆಸರೇನು ಅಂತ ಎರಡು ಕೊಟ್ಟಿದ್ದೆ. ಸಿಪಿಯು ಮಾತ್ರ ಟೂಲ್‌ಗೆ ತಲುಪಿತು. ಡೇಟಾಬೇಸ್ ಹೆಸರು ಸದ್ದಿಲ್ಲದೆ ಶೆಲ್ ವೇರಿಯೇಬಲ್ ಆಗಿ ಕೂತುಬಿಟ್ಟಿತು, ಶೆಲ್ ಒಂದು ಮಾತೂ ಆಡಲಿಲ್ಲ.

ಮತ್ತೆ, ಈ ಟೂಲನ್ನು ಬೇರೆ ವರ್ಚುವಲ್ ಎನ್ವಿರಾನ್‌ಮೆಂಟಿನಲ್ಲೇ (ಪೈಥಾನ್‌ನ ಪ್ರತ್ಯೇಕ ಜಾಗ) ಪಿಪ್‌ನಿಂದ ಇನ್‌ಸ್ಟಾಲ್ ಮಾಡಿ. ಟೋಸ್ಕಾ-ಪಾರ್ಸರ್ ಮತ್ತು ಇನ್ನೂ ಹಲವು ಪ್ಯಾಕೇಜುಗಳು ಜೊತೆಗೆ ಬರುತ್ತವೆ.

ಉತ್ತರ 4

ಔಟ್‌ಪುಟ್ ಭಾಗ ನೋಡಿದಿರಾ? ಸರ್ವರಿನ ಐಪಿ ತೋರಿಸುವ ಸಾಲಿನಲ್ಲಿ ನೆಟ್‌ವರ್ಕ್ ಹೆಸರು "ಪ್ರೈವೇಟ್" ಅಂತ ಬಂದಿರುತ್ತದೆ. ನಿಮ್ಮ ನೆಟ್‌ವರ್ಕಿಗೆ ಬೇರೆ ಹೆಸರಿದ್ದರೆ ಐಪಿ ಸಿಗುವುದಿಲ್ಲ. ನನಗೆ ಬಂದ ಫೈಲಿನಲ್ಲಿ ಎಸ್‌ಎಸ್‌ಎಚ್ ಕೀ ಸಾಲೂ ಇರಲಿಲ್ಲ, ಸೆಕ್ಯುರಿಟಿ ಗ್ರೂಪೂ ಇರಲಿಲ್ಲ.

ಇವನ್ನೆಲ್ಲ ಕೈಯಲ್ಲೇ ತಿದ್ದಿ ಮುಗಿಸೋಣ ಅನ್ನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ನಾವು ತಿದ್ದಿದೆವು. ಎರಡು ತಿಂಗಳ ಮೇಲೆ ಟೋಸ್ಕಾ ಫೈಲ್ ಬದಲಾಯಿತು, ಮತ್ತೆ ಟ್ರಾನ್ಸ್‌ಲೇಟ್ ಮಾಡಿದೆವು, ಕೈಯಲ್ಲಿ ತಿದ್ದಿದ್ದೆಲ್ಲ ಹೋಯಿತು. ಯಾರು ಏನು ತಿದ್ದಿದ್ದರು ಅಂತ ಯಾರಿಗೂ ನೆನಪಿರಲಿಲ್ಲ. ಈಗ ನಾವು ಆ ತಿದ್ದುಪಡಿಗಳನ್ನು ಒಂದು ಪುಟ್ಟ ಪೈಥಾನ್ ಸ್ಕ್ರಿಪ್ಟಿನಲ್ಲಿ ಇಟ್ಟಿದ್ದೇವೆ. ಟ್ರಾನ್ಸ್‌ಲೇಟ್ ಆದ ಕೂಡಲೇ ಅದು ಓಡುತ್ತದೆ. ಟೋಸ್ಕಾ ಫೈಲ್, ಹಾಟ್ ಫೈಲ್ ಎರಡೂ ಗಿಟ್‌ನಲ್ಲಿವೆ. ಡಿಫ್ (ಏನು ಬದಲಾಗಿದೆ ಅಂತ) ನೋಡದೆ ಯಾರೂ ಸ್ಟ್ಯಾಕ್ ಏಳಿಸುವುದಿಲ್ಲ, ಡ್ರೈ-ರನ್ (ಏನನ್ನೂ ಕಟ್ಟದೆ ಪರೀಕ್ಷೆ) ಮಾಡಿಯೇ ಮುಂದೆ ಹೋಗುವುದು. ಟೂಲ್‌ನ ವ್ಯಾಲಿಡೇಟ್-ಓನ್ಲಿ ಆಯ್ಕೆ ನೋಡುವುದು ನಿಮ್ಮ ಟೋಸ್ಕಾ ಸರಿ ಇದೆಯಾ ಅಂತ ಮಾತ್ರ. ಅದು ಸರಿ ಅಂದ ಮಾತ್ರಕ್ಕೆ ಸ್ಟ್ಯಾಕ್ ಏಳುತ್ತದೆ ಅಂತಲ್ಲ.

ಉತ್ತರ 5

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಾನು ಟೆಲಿಕಾಂ ಕಡೆ ಕೆಲಸ ಮಾಡಿದವಳು. ಅಲ್ಲಿ ಟೋಸ್ಕಾ ಇಲ್ಲದೆ ನಡೆಯುವುದಿಲ್ಲ. ನೆಟ್‌ವರ್ಕ್ ಫಂಕ್ಷನ್‌ಗಳ (ಸಾಫ್ಟ್‌ವೇರ್ ರೂಪದ ನೆಟ್‌ವರ್ಕ್ ಉಪಕರಣಗಳು) ವಿವರಣೆ ಅದರಲ್ಲೇ ಬರುತ್ತದೆ, ಅವನ್ನು ನಿರ್ವಹಿಸುವ ಓಪನ್‌ಸ್ಟ್ಯಾಕ್‌ನ ಟ್ಯಾಕರ್ ಕೂಡ ಅದನ್ನು ಹೀಟ್‌ಗೆ ತಿರುಗಿಸಲು ಇದೇ ಟ್ರಾನ್ಸ್‌ಲೇಟರ್ ಬಳಸಿದೆ. ಆದರೆ ನಿಮ್ಮದು ಎರಡು ಸರ್ವರ್, ಒಂದು ಡಿಸ್ಕ್. ಮುಂದೆ ಟೋಸ್ಕಾ ಫೈಲನ್ನು ಯಾರೂ ಮುಟ್ಟುವುದಿಲ್ಲ ಅಂತಾದರೆ ಒಂದೇ ಸಲ ಟ್ರಾನ್ಸ್‌ಲೇಟ್ ಮಾಡಿ, ಆ ಹಾಟ್ ಫೈಲನ್ನೇ ನಿಮ್ಮ ಮೂಲ ಮಾಡಿಕೊಳ್ಳಿ. ಕೈಯಲ್ಲಿ ತಿದ್ದಿದರೂ ತಪ್ಪಿಲ್ಲ. ಹಾಟ್‌ನಿಂದ ಟೋಸ್ಕಾಗೆ ವಾಪಸ್ ಬರುವ ದಾರಿ ಈ ಟೂಲ್‌ನಲ್ಲಿ ಇಲ್ಲ. ಅದಕ್ಕೇ ಯಾವುದು ಮೂಲ ಅಂತ ಮೊದಲೇ ತೀರ್ಮಾನ ಮಾಡಿ. ಎರಡನ್ನೂ ಮೂಲ ಅಂತ ಇಟ್ಟುಕೊಂಡ ತಂಡ ನಾನು ನೋಡಿದ್ದೇನೆ, ಬಹಳ ಕಷ್ಟಪಟ್ಟರು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓಪನ್‌ಆರ್‌ಸಿ ಸೋರ್ಸ್ ಮಾಡಿದ ಮೇಲೆ ನಮ್ಮದೇ ಫ್ಲೇವರ್ ಬಂತು. ಐಪಿ ಖಾಲಿ ಬರುತ್ತಿತ್ತು, ನೆಟ್‌ವರ್ಕ್ ಹೆಸರು ಬದಲಿಸಿದೆ, ಬಂತು. ಆದರೆ ಇಮೇಜ್ ಸಾಲಿನಲ್ಲಿ ಏನೂ ಇಲ್ಲ. ನಾನು ಏಜೆಂಟ್ ಹಾಕಿ ಕಟ್ಟಿದ ಇಮೇಜ್ ಗ್ಲಾನ್ಸ್‌ನಲ್ಲಿದೆ, ಆದರೂ ಟೂಲ್ ಅದನ್ನು ಆರಿಸುತ್ತಿಲ್ಲ.

ಉತ್ತರ 1 ಬರೆದವರು

ಟೋಸ್ಕಾದಲ್ಲಿ ಆರ್ಕಿಟೆಕ್ಚರ್, ಟೈಪ್, ಡಿಸ್ಟ್ರಿಬ್ಯೂಶನ್, ವರ್ಶನ್ ಅಂತ ಕೊಟ್ಟಿರುತ್ತೀರಲ್ಲ, ನಿಮ್ಮ ಇಮೇಜ್ ಅದಕ್ಕೆ ಹೊಂದಿಲ್ಲ ಅಂತ ಕಾಣುತ್ತದೆ. ನನಗೆ ಹೀಗಾದಾಗ ಇಮೇಜಿನ ಪ್ರಾಪರ್ಟಿಗಳಲ್ಲಿ ಇದೇ ನಾಲ್ಕನ್ನು ತುಂಬಿ ಮತ್ತೆ ಟ್ರಾನ್ಸ್‌ಲೇಟ್ ಮಾಡಿದೆ, ಸಾಲು ತುಂಬಿ ಬಂತು. ಟೋಸ್ಕಾದಲ್ಲಿ ಉಬುಂಟು ವರ್ಶನ್ ಹಳೆಯದೇ ಉಳಿದಿದೆಯಾ ಅಂತಲೂ ಒಮ್ಮೆ ನೋಡಿ.